ನಾಲ್ಕು ಪರದೆಗಳ ನಡುವೆ

ನಮ್ಮ ಆಫೀಸಿನ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಮೇಚೇರಿ ಡಿಪೋದಲ್ಲಿ ಲಾರಿಯಿಂದ ಮೂಟೆ ಇಳಿಸುತ್ತಿದ್ದೆ. ಓಮಲೂರಿಗೆ ಬಂದು ಅಲ್ಲಿಂದ ಧರ್ಮಪುರಿ ಬಸ್ಸು ಹಿಡಿದು ಅವರ ಊರು ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆ ಮುಂದಿನ ಶಾಮಿಯಾನದಡಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವರ ತಂಗಿ ಒಂದು ಕುರ್ಚಿಯನ್ನು ಬಿಡಿಸಿ ನನಗೆ ಕೊಟ್ಟರು. ನೀರು ತಂದುಕೊಟ್ಟರು. ಖಾಲಿ ಲೋಟ ತೆಗೆದುಕೊಳ್ಳುತ್ತ ಕೇಳಿದರು:

"ಅಲ್ಲಣ್ಣಾ, ನಮ್ಮಕ್ಕ ಆ ಕಂಪ್ನೀಲಿ ಏನ್ ಕೆಲ್ಸ ಮಾಡ್ತಿದ್ಲು? ಬಂದೋರೆಲ್ಲ ಕೇಳ್ತಾರೆ. ಕಂಪ್ಯೂಟರ್ ಕೆಲ್ಸ ಅಂತ ಏಳ್ತೀನಿ. ಕಂಪ್ಯೂಟರ್‌ನಾಗೆ ಏನು ಅಂದ್ರೆ ನಂಗೊತ್ತಿಲ್ಲ."

ನಾನು ಹೇಳಲು ಹೊರಟೆ. ಕಂಪನಿಗೆ ಯಾವ ಸಾಫ್ಟ್‌ವೇರ್ ಬೇಕು ಅಂತ ಆರಿಸುವುದು, ಒಂದರಲ್ಲಿರುವುದನ್ನು ಇನ್ನೊಂದಕ್ಕೆ ಕೂಡಿಸುವುದು... ಅಷ್ಟಕ್ಕೇ ನಿಲ್ಲಿಸಿದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಹೆಂಗಸು ಅದರಲ್ಲೇ ಸವೆದುಹೋದಳು ಎಂದರೆ ಯಾರು ನಂಬುತ್ತಾರೆ? "ದೊಡ್ಡ ಕೆಲಸವಮ್ಮಾ" ಎಂದು ಮಾತ್ರ ಹೇಳಿ ಎದ್ದು ಬಂದೆ.

ನಮ್ಮದು ಪಶು ಆಹಾರದ ಕಂಪನಿ. ದನ, ಕುರಿ, ಆಡುಗಳಿಗೆ ಜೋಳ, ಹಿಂಡಿ, ತೌಡು ಕೂಡಿಸಿ ಅರೆದು ಕಾಳುಕಾಳಾಗಿ ಮಾಡಿ ಮೂಟೆ ಕಟ್ಟುವ ಗಿರಣಿ. ತಮಿಳುನಾಡಿನ ಓಮಲೂರಿನ ಹತ್ತಿರ, ಬೆಂಗಳೂರು ರಸ್ತೆಯ ಬದಿಯಲ್ಲಿದೆ. ನಾನು ಸೇರಿದಾಗ ಒಂದು ಗಿರಣಿ, ಒಂದು ಕಂಪ್ಯೂಟರು, ಆ ಕಂಪ್ಯೂಟರಿನ ಮುಂದೆ ಈ ಅಕ್ಕ. ಸೇಲಂನಲ್ಲಿ ಎಂಸಿಎ ಓದಿ, ಒಂದೆರಡು ಕಡೆ ಕೆಲಸ ಮಾಡಿ ಬಂದವರು. ಕನ್ನಡ ಮನೆಮಾತಿನವರು ಎಂದು ನನಗೆ ಗೊತ್ತಾಗಿದ್ದು ಒಂದು ಮಧ್ಯಾಹ್ನ, ಪ್ರಿಂಟರಿಗೆ ಬೈದಾಗ. "ಇದ್ರ ಮಕ ಸುಡ" ಎಂದರು. ನನ್ನ ಮನೆಮಾತೂ ಅದೇ, ನಕ್ಕುಬಿಟ್ಟೆ. ಅವತ್ತಿನಿಂದ ನನ್ನನ್ನು "ಏನ್ಲಾ ತಂಬಿ" ಎಂದು ಕರೆಯತೊಡಗಿದರು. ಆಫೀಸಿನಲ್ಲಿ ಉಳಿದವರ ಜೊತೆಯೆಲ್ಲ ತಮಿಳು. ನಮ್ಮಿಬ್ಬರ ನಡುವೆ ಮಾತ್ರ ಕನ್ನಡ, ಅದರಲ್ಲೂ ಅರ್ಧ ತಮಿಳು. ಕನ್ನಡ ಬರೆಯಲು ಓದಲು ಇಬ್ಬರಿಗೂ ಬರುತ್ತಿರಲಿಲ್ಲ. ನಾನು ಆಮೇಲೆ ಹೊಸೂರಿನ ಗೆಳೆಯನೊಬ್ಬನ ಹತ್ತಿರ ಅಕ್ಷರ ಕಲಿತೆ.

ಅವರಿಗೆ ಒಂದು ಅಭ್ಯಾಸವಿತ್ತು. ಯೋಚನೆ ಮಾಡುವಾಗ ಕನ್ನಡಕ ತೆಗೆದು, ಎರಡೂ ಅಂಗೈಗಳಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಕೈ ತೆಗೆದಾಗ ಮೂಗಿನ ಎರಡು ಕಡೆ ಕನ್ನಡಕದ ಕೆಂಪು ಗುರುತು ಕಾಣುತ್ತಿತ್ತು. ಮೊದಮೊದಲು ಆ ಗುರುತು ಸಂಜೆಯಷ್ಟೇ ಇರುತ್ತಿತ್ತು. ಕೊನೆಕೊನೆಗೆ ಬೆಳಿಗ್ಗೆ ಬರುವಾಗಲೇ ಇರುತ್ತಿತ್ತು.

ಸಾಫ್ಟ್‌ವೇರ್ ಮಾರುವವರು ಬಂದರೆ ಗಿರಣಿಯಲ್ಲಿ ಎಲ್ಲರಿಗೂ ಒಂದು ಮೋಜು. ಬೂಟು, ಲ್ಯಾಪ್‌ಟಾಪು, ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ. ಇವರು ಕೊನೆಯವರೆಗೂ ಕೇಳಿಸಿಕೊಳ್ಳುತ್ತಿದ್ದರು, ನಡುವೆ ಬಾಯಿ ಹಾಕುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಎರಡೇ ಪ್ರಶ್ನೆ. ಇದು ಕೆಟ್ಟು ನಿಂತರೆ ಫೋನ್ ಎತ್ತುವವರು ಯಾರು? "ನಮ್ಮ ಸಪೋರ್ಟ್ ಟೀಮ್ ಇದೆ ಮೇಡಂ" ಎಂದರೆ, "ಟೀಮ್ ಬೇಡ, ಒಬ್ಬ ಮನುಷ್ಯರ ಹೆಸರು ಹೇಳಿ" ಎನ್ನುತ್ತಿದ್ದರು. ಎರಡನೆಯದು, ನಾಳೆ ನಾವು ನಿಮ್ಮನ್ನು ಬಿಟ್ಟು ಹೋಗುವುದಾದರೆ ನಮ್ಮ ಲೆಕ್ಕ ಪತ್ರವನ್ನೆಲ್ಲ ನಮಗೆ ವಾಪಸ್ ಕೊಡುತ್ತೀರಾ? ಮದುವೆ ಮಾತಿಗೆ ಬಂದವರ ಹತ್ತಿರ ವಿಚ್ಛೇದನದ ವಿಷಯ ಎತ್ತಿದ ಹಾಗೆ ಅವರ ಮುಖಗಳು ಆಗುತ್ತಿದ್ದವು. ಒಬ್ಬ ಮಾತ್ರ ತಲೆ ತಗ್ಗಿಸಿ, "ಇಲ್ಲ ಮೇಡಂ, ಕೊಡೋಕಾಗಲ್ಲ" ಎಂದ. ಇವರು ಅವನಿಗೆ ತಾವೇ ಕಾಫಿ ತಂದುಕೊಟ್ಟರು, ಕುಡಿಯುವವರೆಗೂ ಅವನ ಊರು ಮನೆ ವಿಚಾರಿಸಿದರು, ಆಮೇಲೆ ಬೇಡವೆಂದು ಹೇಳಿ ಕಳಿಸಿದರು.

ವ್ಯಾಪಾರ ಬೆಳೆಯಿತು. ಮೇಚೇರಿಯಲ್ಲಿ ಡಿಪೋ ಆಯಿತು, ಅದಕ್ಕೆ ನಾನು ಹೋದೆ. ಧರ್ಮಪುರಿಯಲ್ಲಿ ಇನ್ನೊಂದು. ಬೆಳೆದಂತೆಲ್ಲ ಸಾಫ್ಟ್‌ವೇರುಗಳೂ ಒಂದೊಂದಾಗಿ ಬಂದವು. ಬಿಲ್ ಹಾಕಲು ಒಂದು ಮೊದಲೇ ಇತ್ತು. ಗಿರಣಿಯ ತೂಕ ಮತ್ತು ಬ್ಯಾಚ್, ಅಂದರೆ ಒಂದೊಂದು ಸಲ ಅರೆದ ಸರಕಿನ ನಂಬರು, ಹಿಡಿಯಲು ಇನ್ನೊಂದು, ಯಂತ್ರದ ಜೊತೆಗೇ ಬಂತು. ಲಾರಿ ಎಲ್ಲಿದೆ ಎಂದು ತೋರಿಸಲು ಮತ್ತೊಂದು. ಅಂಗಡಿಯವರು ಫೋನಿನಲ್ಲೇ ಆರ್ಡರ್ ಹಾಕಲು ಒಂದು ಆ್ಯಪ್. ಒಂದಕ್ಕೂ ಇನ್ನೊಂದರ ಪರಿಚಯವಿಲ್ಲ. ಇವರ ಮೇಜಿನ ಮೇಲೆ ನಾಲ್ಕು ಪರದೆಗಳು. ಒಂದನ್ನು ನೋಡಿ ಇನ್ನೊಂದರಲ್ಲಿ ಟೈಪ್ ಹೊಡೆಯುವುದೇ ದಿನದ ಮುಕ್ಕಾಲು ಕೆಲಸ.

"ನಾಕೂ ನಾಕು ದಿಕ್ಕು ನೋಡ್ಕಂಡ್ ಕೂತವೆ" ಎನ್ನುತ್ತಿದ್ದರು. "ನಾನು ನಡುವೆ ಕೂತು ಇದ್ರ ಮಾತು ಅದ್ಕೆ, ಅದ್ರ ಮಾತು ಇದ್ಕೆ ಏಳ್ಬೇಕು."

ಹೆಸರುಗಳ ಗೋಳು ಬೇರೆ. ನಮ್ಮ ಕುರಿ ಆಹಾರಕ್ಕೆ ಒಂದೊಂದರಲ್ಲಿ ಒಂದೊಂದು ಹೆಸರು. ಮೇಚೇರಿಯ ಒಬ್ಬ ಅಂಗಡಿಯವರ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಕಡೆ ಮೂರು ಥರ ಬರೆದುಬಿಟ್ಟಿದ್ದರು. ಅವರು ಒಂದು ಸಲ ಗಿರಣಿಗೆ ಬಂದಾಗ ಇವರು ಎದ್ದು ಕೈಮುಗಿದು, "ಬನ್ನಿ ಸಾರ್, ಮೂರೂ ಜನ ಕೂತ್ಕೊಳ್ಳಿ" ಎಂದರು. ಅವರು ಅರ್ಥವಾಗದೆ ಹಿಂದೆ ತಿರುಗಿ ನೋಡಿದರು.

ಆ ಆರ್ಡರ್ ಆ್ಯಪ್ ಆರಿಸಿದ್ದನ್ನು ಹೇಳಲೇಬೇಕು. ಆಗ ಕಣದಲ್ಲಿದ್ದದ್ದು ಎರಡು. ಒಂದರಲ್ಲಿ ಯಾವ ಬ್ಯಾಚಿನ ಮೂಟೆ ಯಾವ ಅಂಗಡಿಗೆ ಹೋಯಿತು ಎನ್ನುವವರೆಗೆ ಎಲ್ಲ ಬರುತ್ತಿತ್ತು, ಆದರೆ ಪ್ರತಿ ಸಲ ಅಂಗಡಿಯವರು ಪರದೆಯಿಂದ ಪರದೆಗೆ ದಾಟಿ ದಾಟಿ ತುಂಬಬೇಕು. ಇನ್ನೊಂದರಲ್ಲಿ ಬ್ಯಾಚಿನ ಮಾತೇ ಇಲ್ಲ, ಆದರೆ ತಮಿಳಿನಲ್ಲಿ ಮಾತಾಡಿದರೆ ಸಾಕು, ಆರ್ಡರ್ ಆಗುತ್ತದೆ. ಇವರು ಎರಡನ್ನೂ ತೆಗೆದುಕೊಂಡು ಮೇಚೇರಿ ಸಂತೆಯ ದಿನ ಬಂದರು. ಕುರಿಗಳ ಅರಚಾಟದ ನಡುವೆ ಅಂಗಡಿಗಳ ಮುಂದೆ ನಿಂತು ಒಬ್ಬೊಬ್ಬರ ಕೈಗೂ ಫೋನ್ ಕೊಟ್ಟು ನೋಡಿದರು. ಮೊದಲನೆಯದನ್ನು ಯಾರೂ ಮುಗಿಸಲಿಲ್ಲ. ಒಬ್ಬರು ಅರ್ಧಕ್ಕೇ ಫೋನ್ ವಾಪಸ್ ಕೊಟ್ಟು, "ಇದಕ್ಕಿಂತ ನಾನೇ ಓಮಲೂರಿಗೆ ಬಂದು ಮೂಟೆ ಹೊತ್ಕೊಂಡು ಹೋಗ್ತೀನಮ್ಮಾ" ಎಂದರು.

ವಾಪಸ್ ಬರುವಾಗ ನಾನು ಕೇಳಿದೆ, "ಬ್ಯಾಚು?"

"ಅದ್ನ ಅಪ್ರಂ ಸೇರಿಸ್ಕೊಳಾಣ. ಮೊದ್ಲು ಜನ ಬಳಸ್ಬೇಕಲ್ಲ. ಬಳಸ್ದೆ ಇದ್ರೆ ತುಂಬಕ್ಕೆ ಎಷ್ಟು ಕಾಲಂ ಇದ್ರೇನ್ಲಾ?"

ಅದು ಸರಿಯಾದ ಮಾತೇ. ಜನ ಬಳಸಿದರು. ವ್ಯಾಪಾರ ಎದ್ದಿತು. ಬ್ಯಾಚ್ ಸೇರಿಸುವ ಕೆಲಸಕ್ಕೆ ಇವರು ಮತ್ತೆ ಮತ್ತೆ ಮಾಲೀಕರನ್ನು ಕೇಳಿದರು. ಮಾಲೀಕರು ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ "ಪಾತ್ತುಕ್ಕಲಾಂ" ಎನ್ನುವವರು. ನೋಡಿಕೊಳ್ಳೋಣ, ನೋಡಿಕೊಳ್ಳೋಣ ಎನ್ನುತ್ತಲೇ ಕಾಲ ಹೋಯಿತು.

ಒಂದು ವರ್ಷ ಮಳೆ ಹಿಡಿದು ಬಿಡಲಿಲ್ಲ. ಬಂದ ಜೋಳದಲ್ಲಿ ಒಂದು ಭಾಗ ಒಳಗೊಳಗೇ ಬೂಷ್ಟು ಹಿಡಿದಿತ್ತು. ಅದು ಹೇಗೋ ತಪ್ಪಿಸಿಕೊಂಡು ಗಿರಣಿಯೊಳಗೆ ಹೋಯಿತು. ಒಂದು ಬೆಳಿಗ್ಗೆ ಮೇಚೇರಿ ಆಚೆಯ ಹಳ್ಳಿಯಿಂದ ನನಗೆ ಫೋನ್ ಬಂತು. ಕುರಿ ಸಾಕುವ ಹೆಂಗಸು, ನಮ್ಮ ಕನ್ನಡದವರೇ. "ಅಣ್ಣಾ, ಗಬ್ಬದ ಕುರಿ ದಿನ ತುಂಬೋಕ್ ಮುಂಚೇನೆ ಕಂದು ಆಕ್ತಾ ಅವೆ. ಒಂದರ ಇಂದೆ ಒಂದು. ನೀವ್ ಕೊಟ್ಟ ತೀನಿ ಬಿಟ್ರೆ ಬೇರೇನೂ ಆಕಿಲ್ಲ" ಎಂದರು. ಮಧ್ಯಾಹ್ನದೊಳಗೆ ಇನ್ನೊಂದು ಊರಿನಿಂದಲೂ ಅದೇ ಮಾತು.

ನಾನು ಓಮಲೂರಿಗೆ ಓಡಿದೆ. ಇವರು ನಾಲ್ಕು ಪರದೆಗಳ ಮುಂದೆ ಕೂತಿದ್ದರು. ಗಿರಣಿಯ ಸಾಫ್ಟ್‌ವೇರಿಗೆ ಬ್ಯಾಚ್ ಗೊತ್ತು, ಅಂಗಡಿ ಗೊತ್ತಿಲ್ಲ. ಆ್ಯಪ್‌ಗೆ ಅಂಗಡಿ ಗೊತ್ತು, ಬ್ಯಾಚ್ ಗೊತ್ತಿಲ್ಲ. ಲಾರಿಯದಕ್ಕೆ ದಾರಿ ಮಾತ್ರ ಗೊತ್ತು. ಮೂಟೆಯ ಮೇಲೆ ಬ್ಯಾಚಿನ ಮುದ್ರೆ ಇರುತ್ತದೆ ನಿಜ. ಆದರೆ ನಮ್ಮ ಕಡೆ ಅಂಗಡಿಯವರು ಮೂಟೆ ಬಿಚ್ಚಿ ಬಿಡಿಯಾಗಿ ತೂಗಿ ಕೊಡುತ್ತಾರೆ. ಯಾರ ಮನೆಯ ಡ್ರಮ್ಮಿನಲ್ಲಿ ಯಾವ ಬ್ಯಾಚು ಇದೆ, ದೇವರೇ ಬಲ್ಲ.

ಮಾಲೀಕರು ಬಂದು ಹಿಂದೆ ನಿಂತರು. ಲ್ಯಾಬಿನಿಂದ ವರದಿ ಬರಲಿ, ಅಲ್ಲಿಯವರೆಗೆ ಏನೂ ಹೇಳುವುದು ಬೇಡ ಎಂದರು. ಇವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ತಮಿಳಿನಲ್ಲಿ ಕೇಳಿದರು: "ವರದಿ ಬರೋವರೆಗೂ ಕುರಿಗಳಿಗೆ ಹಸಿವಾಗದೆ ಇರುತ್ತಾ ಸಾರ್?"

ಮಾಲೀಕರು ತಡೆಯಲಿಲ್ಲ. ಇವರು ಆ್ಯಪ್ ತೆರೆದು, ತಮ್ಮದೇ ದನಿಯಲ್ಲಿ ಎಲ್ಲ ಅಂಗಡಿಗಳಿಗೂ ಒಂದು ಸಂದೇಶ ಕಳಿಸಿದರು. ನಮ್ಮ ಕುರಿ ಆಹಾರ ಯಾರೂ ಮಾರಬೇಡಿ, ಕೊಂಡವರಿಗೆ ಹೇಳಿ ಕಳಿಸಿ, ಡ್ರಮ್ಮಿನಲ್ಲಿರುವುದನ್ನು ಹಾಕಬೇಡಿ, ಎಲ್ಲವನ್ನೂ ನಾವು ವಾಪಸ್ ತಗೊಳ್ಳುತ್ತೇವೆ. ಟೀ ಕುಡಿದು ಮುಗಿಸುವಷ್ಟರಲ್ಲಿ ಧರ್ಮಪುರಿಯಿಂದ ಮೆಟ್ಟೂರಿನವರೆಗೆ ಸುದ್ದಿ ಮುಟ್ಟಿತ್ತು. ಕಷ್ಟದ ಆ್ಯಪ್ ಆಗಿದ್ದರೆ ಅದನ್ನು ಯಾರೂ ತೆರೆದೇ ಇರುತ್ತಿರಲಿಲ್ಲ. ನಾನು ಹಾಗೆಂದು ಸಮಾಧಾನ ಹೇಳಿದೆ.

"ಕೂಗಕ್ಕೆ ಆಯ್ತು" ಎಂದರು. "ಯಾರ್ನ ಕೂಗ್ಬೇಕು ಅಂತ ಗೊತ್ತಾಗ್ಲಿಲ್ಲ. ಅದ್ಕೆ ಎಲ್ರನೂ ಕೂಗಿದ್ದು."

ಒಳ್ಳೆಯದು ಕೆಟ್ಟದ್ದು ಎಲ್ಲ ಒಟ್ಟಿಗೆ ವಾಪಸ್ ಬಂತು. ಲಾರಿಗಳು ಸಾಲುಗಟ್ಟಿ ನಿಂತವು. ನಮ್ಮ ಹೆಸರು ಕೇಳಿದರೆ ಜನ ಮುಖ ತಿರುಗಿಸುವ ಹಾಗಾಯಿತು. ಆ ವಾರವೇ ಇವರು ನನ್ನನ್ನು ಕರೆದುಕೊಂಡು ಆ ಕುರಿಯ ಹೆಂಗಸಿನ ಮನೆಗೆ ಹೋದರು. ಹಟ್ಟಿಯ ಬಾಗಿಲಲ್ಲೇ ನಿಂತು, "ಅದು ನಮ್ಮ ತೀನಿಯಿಂದಾನೇ ಆಗಿದ್ದು ಕಣಮ್ಮಾ. ಲ್ಯಾಬ್‌ನೋರು ಏಳವ್ರೆ. ಕಂಪ್ನಿ ಪರಿಹಾರ ಕೊಡ್ತದೆ. ಅದ್ಕೂ ಮುಂಚೆ ಬಾಯ್‌ಬಿಟ್ಟು ಏಳ್ಬೇಕು ಅಂತ ಬಂದೆ" ಎಂದರು.

ಆ ಹೆಂಗಸು ಬೈಯಲಿಲ್ಲ. ಒಂದು ಕುರಿಯ ಬೆನ್ನ ಮೇಲೆ ಕೈಯಾಡಿಸುತ್ತ ನಿಂತರು. ಆಮೇಲೆ ಹೇಳಿದರು: "ನೀವು ಬರ್ದೆ ಇದ್ರೇನೆ ಚೆಂದಾಗಿತ್ತು. ಏನೋ ಕಾಯ್ಲೆ ಅಂದ್ಕಂಡಿರ್ತಿದ್ದೆ. ಈಗ ನಾನೇ ನನ್ ಕೈಯಾರ ಆಕಿದ್ದು ಅಂತ ಆಯ್ತಲ್ಲ."

ಇವರು ಬಸ್ ನಿಲ್ದಾಣಕ್ಕೆ ನಡೆದರು. ಬಸ್ಸು ಬಂದರೂ ಹತ್ತಲಿಲ್ಲ, ಇನ್ನೊಂದು ಬರಲಿ ಎಂದರು. ಮತ್ತೊಂದು ಬಂತು, ಅದನ್ನೂ ಬಿಟ್ಟರು.

ಗಿರಣಿಯಲ್ಲಿ ಸಭೆ ಕರೆದಾಗ ಮಾರಾಟದವರು ಗಿರಣಿಯವರನ್ನು, ಗಿರಣಿಯವರು ಜೋಳ ಕೊಟ್ಟವರನ್ನು, ಎಲ್ಲರೂ ಸೇರಿ ಮಳೆಯನ್ನು ಬೈದರು. ಇವರು ಎದ್ದು ನಿಂತರು. "ಬೂಷ್ಟು ನನ್ನದಲ್ಲ. ಆದರೆ ಅದು ಎಲ್ಲಿ ಹೋಯಿತು ಅಂತ ಹುಡುಕೋಕೆ ಆಗಲಿಲ್ಲವಲ್ಲ, ಅದು ನನ್ನದು. ಬ್ಯಾಚ್ ಇದ್ದ ಆ್ಯಪ್ ಬಿಟ್ಟು ಇಲ್ಲದ್ದನ್ನ ಆರಿಸಿದ್ದು ನಾನು" ಎಂದರು. ಮಾಲೀಕರು ಎಷ್ಟು ಸಲ ಮುಂದೂಡಿದ್ದರು ಎಂಬುದನ್ನು ಹೇಳಲಿಲ್ಲ. ಮಾಲೀಕರು ಮಾತ್ರ ಮೇಜು ನೋಡುತ್ತ ಕೂತಿದ್ದರು. ಅವರಿಗೆ ನೆನಪಿತ್ತು ಎಂದುಕೊಂಡೆ.

ಹೆದರಿದ ಮಾಲೀಕರು ಈಗ ನೋಡಿಕೊಳ್ಳೋಣ ಎನ್ನಲಿಲ್ಲ. ನೇರ ಇನ್ನೊಂದು ತುದಿಗೆ ಹೋದರು. ನಾಲ್ಕನ್ನೂ ಕಿತ್ತುಹಾಕಿ ಎಲ್ಲಕ್ಕೂ ಒಂದೇ ದೊಡ್ಡ ಸಾಫ್ಟ್‌ವೇರ್ ತರುವುದೆಂದು ತೀರ್ಮಾನಿಸಿದರು. ಇವರು ಬೇಡವೆಂದರು. ಮೊದಲು ಹೆಸರುಗಳನ್ನು ಸರಿಮಾಡೋಣ, ಆಮೇಲೆ ಇರುವ ನಾಲ್ಕನ್ನೇ ಒಂದೊಂದಾಗಿ ಕೂಡಿಸೋಣ, ಅಂಗಡಿಯವರ ಕೈಗೆ ಒಗ್ಗಿರುವುದನ್ನು ಕೀಳುವುದು ಬೇಡ ಎಂದು ವಾದಿಸಿದರು. ಮಾಲೀಕರು ಕೇಳಲಿಲ್ಲ. ಬೇಡವೆಂದವರ ತಲೆಗೇ ಆ ಕೆಲಸ ಕಟ್ಟಿದರು. ಒಂದೇ ಒಂದು ಷರತ್ತನ್ನು ಇವರು ಗೆದ್ದುಕೊಂಡರು: ಅಂಗಡಿಯವರು ಮಾತಾಡುವ ಆ ಆ್ಯಪ್ ಉಳಿಯಬೇಕು, ಅದನ್ನು ಹೊಸದಕ್ಕೆ ಜೋಡಿಸಬೇಕು.

ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದವರು ವರ್ಷ ದಾಟಿಸಿದರು. ಸಾಫ್ಟ್‌ವೇರ್ ಕಂಪನಿಯಿಂದ ಕೂಡಿಸಲು ಬಂದವರು ಬಂದ ಹಾಗೆಯೇ ಬದಲಾಗುತ್ತಿದ್ದರು. ಒಬ್ಬರಿಗೆ ಗಿರಣಿ, ಮೂಟೆ, ಬ್ಯಾಚು, ಬಿಡಿ ಮಾರಾಟ ಎಲ್ಲ ತಿಳಿಸಿ ಹೇಳಿ ಮುಗಿಸುವಷ್ಟರಲ್ಲಿ ಅವರು ಬೇರೆ ಕೆಲಸಕ್ಕೆ ಹೋಗಿರುತ್ತಿದ್ದರು. ಹೊಸಬರು ಬಂದು ಕೂತು ಲ್ಯಾಪ್‌ಟಾಪ್ ತೆರೆಯುತ್ತಿದ್ದರು. ಇವರು ಒಂದು ಉಸಿರು ಬಿಟ್ಟು, "ಸರಿ, ಮೊದಲಿಂದ ಹೇಳ್ತೀನಿ" ಎಂದು ಶುರು ಮಾಡುತ್ತಿದ್ದರು. ಆ ವರ್ಷ ನಾನು ಅವರ ಬಾಯಿಂದ ಹೆಚ್ಚಾಗಿ ಕೇಳಿದ ಮಾತು ಅದೇ.

ಇವರು ನಮ್ಮ ಡಿಪೋಗೂ ಕಲಿಸಲು ಬಂದರು. ಲೋಡಿಂಗ್ ಬರೆದುಕೊಳ್ಳುವ ಹಿರಿಯರೊಬ್ಬರು ಹೊಸ ಸ್ಕ್ಯಾನರನ್ನು ಮುಟ್ಟಲೇ ಒಪ್ಪಲಿಲ್ಲ. ಇದು ಬಂದರೆ ತನ್ನ ಕೆಲಸ ಹೋಗುತ್ತದೆಂಬ ಭಯ. ಇವರು ಕುರ್ಚಿ ಬೇಡವೆಂದು ಅವರ ಪಕ್ಕದಲ್ಲಿ ಮೂಟೆಯ ಮೇಲೇ ಕೂತರು. "ಇದು ನಿಮ್ಮನ್ನ ಕಳ್ಸಲ್ಲ ಕಣಣ್ಣಾ. ಇದ್ಕೆ ಕಣ್ಣಿಲ್ಲ. ನೀವು ತೋರಿಸಿದ್ನ ಮಾತ್ರ ನೋಡ್ತದೆ" ಎಂದರು. ಕರೆಂಟ್ ಹೋಯಿತು. ಬಂತು. ಮತ್ತೆ ಹೋಯಿತು. ಅವರ ಕೈ ಹಿಡಿದು ಒಂದೊಂದು ಮೂಟೆಗೂ ಸ್ಕ್ಯಾನರ್ ಹಿಡಿಸಿದರು. ಹೊರಡುವಾಗ ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತರು. ಏನಕ್ಕಾ ಎಂದೆ.

"ಏನಿಲ್ಲ. ಸುಸ್ತು. ಸುಸ್ತು ಅಂತ ಏಳಕ್ಕೂ ಸುಸ್ತು."

ಧರ್ಮಪುರಿ ಬಸ್ಸಿನಲ್ಲಿ ನಿದ್ದೆಹೋಗಿ ತಮ್ಮ ಸ್ಟಾಪ್ ದಾಟಿ, ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಎಬ್ಬಿಸುವುದು ಆಗ ಸಾಮಾನ್ಯವಾಗಿತ್ತು. ಅದನ್ನು ನಗುತ್ತ ಹೇಳುತ್ತಿದ್ದರು. ನಾವೂ ನಗುತ್ತಿದ್ದೆವು. ಅದು ಬರೀ ದಣಿವಲ್ಲ, ಒಳಗೆ ಮೂತ್ರಪಿಂಡ ಕೈಕೊಡುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಕಡೆಗೊಂದು ದಿನ ಎಲ್ಲ ಕೂಡಿಕೊಂಡವು. ಸಮಾರಂಭ ಏನೂ ಇರಲಿಲ್ಲ. ಹಳೆಯವನ್ನು ಬಂದ್ ಮಾಡಿದರು, ಅಷ್ಟೆ. ಮೇಜಿನ ಮೇಲಿದ್ದ ಪರದೆಗಳಲ್ಲಿ ಮೂರನ್ನು ತೆಗೆದಾಗ ಅವುಗಳ ಕೆಳಗೆ ಧೂಳಿನ ಚೌಕಗಳು ಉಳಿದಿದ್ದವು. ಇವರು ಸೀರೆಯ ಸೆರಗಿನಿಂದ ಅವನ್ನು ಒರೆಸಿದರು. ಆಮೇಲೆ ರಾಜೀನಾಮೆ ಕೊಟ್ಟರು. ಮಾಲೀಕರು ಇನ್ನೊಂದು ವರ್ಷ ಇರಿ ಎಂದು ಕೇಳಿಕೊಂಡರಂತೆ. "ಇನ್ನೊಬ್ಬರಿಗೆ ಮೊದಲಿಂದ ಹೇಳೋ ಶಕ್ತಿ ನನಗಿಲ್ಲ ಸಾರ್" ಎಂದು ಬಂದುಬಿಟ್ಟರಂತೆ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಊರಿನಲ್ಲಿ, ತಂಗಿಯ ಮನೆಯ ಜಗುಲಿಯಲ್ಲಿ. ಡಯಾಲಿಸಿಸ್ ಮುಗಿಸಿ ಬಂದ ಮಾರನೆಯ ದಿನ. ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ಮೈ ಇಳಿದಿತ್ತು, ದನಿ ಮಾತ್ರ ಅದೇ. ನನ್ನನ್ನು ನೋಡಿ ಎದ್ದು ಕೂರಲು ಹೋದರು, ಬೇಡವೆಂದೆ.

"ಆಸ್ಪತ್ರೇಲೂ ಅದೇ ಕತೆ ಕಣ್ಲಾ" ಎಂದರು. "ರಕ್ತ ನೋಡೋರ ಕಂಪ್ಯೂಟರ್ ಬೇರೆ, ಡಾಕ್ಟರ್‌ದು ಬೇರೆ. ಒಂದೊಂದ್ ರೂಮ್ನಾಗೂ ನನ್ ಕಾಯ್ಲೆ ನಾನೇ ಏಳ್ಬೇಕು. ಅಲ್ಲೊಂದ್ ಉಡುಗಿ ಅವ್ಳೆ, ಪಾಪ, ಪ್ರತಿ ಸಲಾನೂ ಕೇಳ್ತಾಳೆ. ಕೋಪ ಬರಲ್ಲ. ಅವ್ಳ ಪರದೇಲಿ ನಾನು ಇಲ್ಲ, ಅವ್ಳೇನ್ ಮಾಡ್ತಾಳೆ?"

ಗಿರಣಿಯ ವಿಷಯ ನಾನಾಗಿ ತೆಗೆಯಬಾರದು ಎಂದುಕೊಂಡಿದ್ದೆ. ಅವರೇ ಕೇಳಿದರು.

"ಅದು ನಡೀತೈತಾ?"

"ನಡೀತೈತೆ ಅಕ್ಕಾ."

"ಒಂದು ಬ್ಯಾಚ್ ಕೆಟ್ರೆ ಯಾವ್ ಅಂಗಡೀಲಿ ಐತೆ ಅಂತ ತೋರಿಸ್ತದಾ?"

ಏನು ಹೇಳುವುದು? ಆಮೇಲೆ ಒಂದು ಬ್ಯಾಚೂ ಕೆಟ್ಟಿರಲಿಲ್ಲ. ಜೋಳವನ್ನು ಈಗ ಬಂದ ತಕ್ಷಣ ಪರೀಕ್ಷೆ ಮಾಡುತ್ತಾರೆ. ಹುಡುಕುವ ಪ್ರಸಂಗವೇ ಬಂದಿರಲಿಲ್ಲ. ಅಷ್ಟೆಲ್ಲ ಕಷ್ಟಪಟ್ಟು ಕೂಡಿಸಿದ್ದನ್ನು ಯಾರೂ ಒಂದು ಸಲವೂ ಉಪಯೋಗಿಸಿರಲಿಲ್ಲ. ಇದ್ದದ್ದನ್ನೇ ಹೇಳಿದೆ.

"ಇನ್ನೂ ಯಾರಿಗೂ ಗೊತ್ತಿಲ್ಲ ಅಕ್ಕಾ. ನೋಡೋ ಅಂಗೆ ಏನೂ ಆಗಿಲ್ಲ."

ಅವರು ಕನ್ನಡಕ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡರು. ಬೇಸರ ಮಾಡಿಕೊಂಡರೇನೋ ಎಂದು ಮುಖ ನೋಡಿದೆ. ಇಲ್ಲ. ಬಹಳ ದಿನದ ಮೇಲೆ ಆ ಮುಖ ಸಡಿಲವಾಗಿತ್ತು.

"ಅಂಗೇ ಇರ್ಲಿ" ಎಂದರು. "ಯಾವತ್ತೂ ಗೊತ್ತಾಗದೆ ಇರ್ಲಿ."

ಇನ್ನೇನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ, ನಿದ್ದೆ ಬಂದಿತ್ತು. ಒಳಗಿನಿಂದ ತಂಗಿ ಬಂದು, ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ನಾನು ಎದ್ದೆ. ಹೊಸ ಚಪ್ಪಲಿ, ನಡೆದರೆ ಕಿರುಗುಟ್ಟುತ್ತಿದ್ದವು. ಅವನ್ನು ಕೈಯಲ್ಲಿ ಹಿಡಿದುಕೊಂಡು, ಕಾದ ಅಂಗಳವನ್ನು ಬರಿಗಾಲಲ್ಲಿ ದಾಟಿ ಹೊರಗೆ ಬಂದೆ.